ಅಮಾಸೆಗೆ ಕೈಕೊಡುವ ಸಿಗ್ನಲ್ಲು

ವಾಮದೇವಪ್ಪನವರ ಬಾಯಿ ಸುಮ್ಮನಿದ್ದಿದ್ದರೆ ಈ ರಾಮಾಯಣವೇ ನಡೆಯುತ್ತಿರಲಿಲ್ಲ. ಆದರೆ ಮನೆ ದಾವಣಗೆರೆಯಲ್ಲಿ, ಮಂಡಕ್ಕಿ ಅಕ್ಕಿಯ ಮಿಲ್ಲು ಹರಿಹರದಲ್ಲಿ, ಎರಡನ್ನೂ ಜೋಡಿಸುವ ಮೊಬೈಲು ಅಂಗಿಯ ಜೇಬಿನಲ್ಲಿ ಇದ್ದ ಮೇಲೆ ಯಾವ ಮನುಷ್ಯ ತಾನೇ ಸುಮ್ಮನಿದ್ದಾನು? ಬೆಳಿಗ್ಗೆ ದೋಸೆ ಹೋಟೆಲಿನಲ್ಲಿ ಎದುರಿಗೆ ಯಾರೇ ಕೂತಿರಲಿ, ಅವರ ಮೂಗಿಗೆ ತಾಗುವಂತೆ ಮೊಬೈಲು ಹಿಡಿಯುತ್ತಿದ್ದರು.

"ನೋಡ್ರಿ ಇಲ್ಲಿ. ಹರಿಹರದಾಗೆ ಭತ್ತ ನೆನೀತಾ ಐತೆ. ನೀರು ಎಷ್ಟು ಬಿಸಿ ಐತೆ ಅಂತ ನಂಗೆ ಇಲ್ಲೇ ಕಾಣ್ತೈತೆ. ತಣ್ಣಗಾತು ಅಂದ್ರೆ ಇಲ್ಲಿಂದ್ಲೇ ಒಂದು ಬಟನ್ ಒತ್ತೋದು, ಅಲ್ಲಿ ಉಗಿ ಬಿಡ್ತೈತೆ. ನಮ್ಮ ಐಶು ಮಾಡಿದ್ದು!"

ಐಶು ಎಂದರೆ ಮಗಳು ಐಶ್ವರ್ಯ. ಯಂತ್ರಗಳಿಗೆ ಅಪ್ಪಣೆ ಕೊಡುವ ಪ್ಯಾನೆಲ್ಲುಗಳ ವಿದ್ಯೆ ಓದಿದವಳು. ಹೋದ ವರ್ಷ ಆವರಗೆರೆಯ ಬಕ್ಕೇಶನನ್ನು ಮದುವೆಯಾದ ಮೇಲೂ ಸ್ಕ್ರೂಡ್ರೈವರ್ ಕೆಳಗಿಟ್ಟಿರಲಿಲ್ಲ. ಅಪ್ಪನ ಮಿಲ್ಲಿನಲ್ಲಿ ಬಾಯ್ಲರ್ ಮನೆಯಿಂದ ಆಫೀಸಿಗೆ ಅಂಗಳದ ಉದ್ದಕ್ಕೂ ಒಂದು ಕೇಬಲ್ಲಿತ್ತು. ಅದನ್ನು ಇಲಿಗಳು ಮತ್ತೆ ಮತ್ತೆ ಕಡಿದು ಹಾಕುತ್ತಿದ್ದವು. ಅಕ್ಕಿ ಮಿಲ್ಲಿನ ಇಲಿಗಳೆಂದರೆ ಅಕ್ಕಿ ತಿಂದು ತಿಂದು ಬೇಸರವಾಗಿ ಬಾಯಿರುಚಿಗೆ ವೈರು ತಿನ್ನುವ ಜಾತಿ. ಐಶ್ವರ್ಯ ಕೇಬಲ್ಲನ್ನೇ ಕಿತ್ತು ಬಿಸಾಡಿ ವೈರ್‌ಲೆಸ್ ಹಾಕಿದಳು. ಬಾಯ್ಲರ್ ಮನೆಯ ಬಾಗಿಲ ಮೇಲೆ, ಮಳೆ ಬೀಳದ ಹಾಗೆ ಸಜ್ಜಾದ ಕೆಳಗೆ, ಒಂದು ಬಿಳಿ ಡಬ್ಬಿ. ಎದುರಿಗೆ ಆಫೀಸಿನ ಕಿಟಕಿಗೆ ಅಂಥದೇ ಇನ್ನೊಂದು. ಎರಡೂ ಮುಖಾಮುಖಿ ಕೂತು ದಿನವಿಡೀ ಮಾತಾಡಿಕೊಳ್ಳುತ್ತವೆ. ಆ ಮಾತೇ ಅಪ್ಪನ ಮೊಬೈಲಿಗೆ ಬರುತ್ತದೆ.

ತೊಂದರೆ ಏನಪ್ಪಾ ಅಂದರೆ, ಡಬ್ಬಿಗಳು ಆಗಾಗ ಮುನಿಸಿಕೊಳ್ಳುತ್ತಿದ್ದವು. ವಾರಗಟ್ಟಲೆ ಚೆನ್ನಾಗಿ ಮಾತಾಡಿ, ಒಂದು ದಿನ ಇದ್ದಕ್ಕಿದ್ದಂತೆ ಒಂದಕ್ಕೊಂದು ಮುಖ ತಿರುಗಿಸಿದಂತೆ ಗಪ್‌ಚುಪ್. ಮೊಬೈಲಿನಲ್ಲಿ ಕೆಂಪು ಗುರುತು. ದೋಸೆ ಹೋಟೆಲಿನಲ್ಲಿ ವಾಮದೇವಪ್ಪನವರ ಮುಖವೂ ಕೆಂಪು. ಇತ್ತ ಬಾಯ್ಲರ್ ನೋಡಿಕೊಳ್ಳುವ ರೇವಣ್ಣ ಉಗಿ ಬಿಡುವ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ, "ಹಿಂದಿನ ಕಾಲನೇ ಚಲೋ ಇತ್ತು" ಎಂದು ಗೊಣಗುತ್ತಾ ನಿಲ್ಲಬೇಕಾಗುತ್ತಿತ್ತು.

ಇಷ್ಟೇ ಆಗಿದ್ದರೆ ಐಶ್ವರ್ಯ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ನಡುವೆ ಅತ್ತೆ ಬಂದರು.

ಅತ್ತೆ ದ್ರಾಕ್ಷಾಯಣಮ್ಮ ಆವರಗೆರೆಯಲ್ಲಿ ಸಾಲಾಗಿ ಮಂಡಕ್ಕಿ ಭಟ್ಟಿಗಳನ್ನು ಇಟ್ಟುಕೊಂಡ ಹೆಂಗಸು. ಮರಳಿನ ಬಾಣಲೆಯ ಹೊಗೆಯಲ್ಲಿ ಜೀವಮಾನ ಕಳೆದವರು. ಕಣ್ಣು ಕಿರಿದಾಗಿದ್ದರೂ ನೋಟ ಚುರುಕು. ಬೀಗರ ಬಡಾಯಿ ಕೇಳಿ ಕೇಳಿ ಸಾಕಾಗಿ ಒಂದು ದಿನ ರೊಟ್ಟಿ ಬಡಿಯುತ್ತಲೇ ಸೊಸೆಗೆ ಹೇಳಿದರು.

"ಈ ಅಮಾಸೆಗೆ ಉಕ್ಕಡಗಾತ್ರಿಗೆ ಹೋಗ್ತೀನಲ್ಲ, ಅಜ್ಜಯ್ಯನ ಗದ್ದುಗೆ ದರ್ಶನ ಮಾಡಿ ಬರ್ತಾ ನಿಮ್ಮಪ್ಪನ ಮಿಲ್ಲಿಗೆ ಇಳಿತೀನಿ. ನಿನ್ನ ಡಬ್ಬಿ ನಡೀತು ಅಂದ್ರೆ ನಮ್ಮ ಭಟ್ಟಿಗೆಲ್ಲ ನೀನೇ ಹಾಕು. ರೋಡಿನ ಕಡೆ ಕೋಣೆ ಖಾಲಿ ಐತೆ, ಆಫೀಸು ಮಾಡ್ಕೋ. ನಡೀಲಿಲ್ಲ ಅಂದ್ರೆ, ನಿಮ್ಮ ಮಾವ ಹೇಳ್ಯಾರಲ್ಲ ಆ ಕಾಲೇಜಿನ ಕೆಲಸ, ಅಲ್ಲಿಗೆ ಹೋಗಿ ಹುಡುಗ್ರಿಗೆ ಪಾಠ ಹೇಳ್ಕೊಂಡಿರು. ದಿನಾ ಏಣಿ ಹತ್ತೋ ಸೊಸಿ ಅಂತ ಜನ ಅನ್ನೋದು ತಪ್ತದೆ."

ಐಶ್ವರ್ಯ ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೇ ಹಾಕಿದಳು. ಪಾಠ ಹೇಳುವುದೆಂದರೆ ಅವಳಿಗೆ ಪ್ರಾಣಸಂಕಟ. ಹಿಂದಿನ ಬೆಂಚಿನವರು ಆಕಳಿಸುವುದನ್ನು ನೋಡುತ್ತಾ ಆಯುಷ್ಯ ಕಳೆಯುವುದಕ್ಕಿಂತ ಬಾಯ್ಲರಿನ ಬೂದಿ ಗೋರುವುದು ಲೇಸು ಅನಿಸುತ್ತಿತ್ತು. ಅವಳಿಗೆ ಆ ರೋಡಿನ ಕಡೆಯ ಕೋಣೆ ಬೇಕು. ಅದರ ಬಾಗಿಲ ಮೇಲೆ ತನ್ನ ಹೆಸರಿನ ಬೋರ್ಡು ಬೇಕು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಅಂದಿನಿಂದ ಶುರುವಾಯಿತು ನೋಡಿ ಡಬ್ಬಿಯ ಶುಶ್ರೂಷೆ. ಕರೆಂಟು ಸರಿಯಿಲ್ಲವೇನೋ ಎಂದು ಬೇರೆ ಅಡಾಪ್ಟರ್ ಹಾಕಿದಳು. ಡಬ್ಬಿಯೇ ಸತ್ತಿದೆಯೇನೋ ಎಂದು ಹೊಸದು ತಂದಳು. ಪಕ್ಕದ ಮಿಲ್ಲಿನ ವೈಫೈ ಅಡ್ಡ ಬರುತ್ತಿದೆಯೇನೋ ಎಂದು ಚಾನೆಲ್ ಬದಲಿಸಿದಳು. ಪ್ರತಿ ಸಲ ಏಣಿ ಇಳಿದಾಗ ವಾಮದೇವಪ್ಪ ಕೆಳಗೆ ಕೈಕಟ್ಟಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ಐಶು, ಇದು ಜನರ ಕಣ್ಣು ಕಣವ್ವ. ದಿಷ್ಟಿ ತಾಗೈತೆ."

"ಅಪ್ಪಾಜಿ, ದಿಷ್ಟಿ ತಾಗೋಕೆ ಇದೇನು ಕೂಸಾ?"

ರೇವಣ್ಣನದು ಬೇರೆ ವಾದ. "ಅಕ್ಕಾರೆ, ಇದು ಅಮಾಸೆ ಕಾಟ. ನೀವು ಬೇಕಾದ್ರೆ ನೋಡ್ರಿ, ಅಮಾಸೆಗೇ ಕೆಡ್ತೈತೆ."

"ಸುಮ್ನಿರಪ್ಪ ರೇವಣ್ಣ! ಪ್ಲಾಸ್ಟಿಕ್ ಡಬ್ಬಿಗೆ ಅಮಾಸೆ ಯಾವುದು, ಹುಣ್ಣಿಮೆ ಯಾವುದು?" ಎಂದು ರೇಗಿದಳು. ಮನೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ಲಿನ ಏರಿಳಿತ ತೆಗೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಹಿಡಿದಳು. ಹಿಡಿದವಳೇ ಬೆರಳಿಟ್ಟು ತಾರೀಕು ಲೆಕ್ಕ ಹಾಕಿದಳು. ಶಿವನೇ! ಅಮಾವಾಸ್ಯೆ ಬಂತೆಂದರೆ ಗೆರೆ ಧೊಪ್ಪನೆ ಕೆಳಕ್ಕೆ. ಆಮೇಲೆ ದಿನ ಕಳೆದಂತೆ ನಿಧಾನವಾಗಿ ಮೇಲಕ್ಕೆ. ಮತ್ತೆ ಅಮಾವಾಸ್ಯೆ, ಮತ್ತೆ ಧೊಪ್ಪ. ಅವಳು ಓದಿದ ಯಾವ ಪುಸ್ತಕದಲ್ಲೂ ಚಂದ್ರನ ಅಧ್ಯಾಯ ಇರಲಿಲ್ಲ.

ಆದರೂ ಬಿಡುವ ಪೈಕಿಯಲ್ಲ ಅವಳು. ರಾತ್ರಿಯ ಊಟ ಮುಗಿಯುವುದರೊಳಗೆ ಕಾರಣ ಹೊಳೆಯಿತು. ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗುವ ಜನವೆಲ್ಲ ಮಿಲ್ಲಿನ ಮುಂದಿನ ರಸ್ತೆಯಲ್ಲೇ ಹಾಯುತ್ತದೆ. ಪ್ರತಿಯೊಬ್ಬರ ಕೈಯಲ್ಲಿ ಮೊಬೈಲು. ಅವೆಲ್ಲ ಸೇರಿ ಗಾಳಿಯಲ್ಲಿ ಗದ್ದಲ ಎಬ್ಬಿಸುತ್ತವೆ! ಇದಕ್ಕೆ ಪುರಾವೆ ಬೇಕೆಂದು ಗಂಡ ಬಕ್ಕೇಶನ ಕೈಗೆ ಮೊಬೈಲು ಕೊಟ್ಟು, ಹೋಗಿ ಬರುವ ಬಸ್ಸಿನಲ್ಲಿ ಎಷ್ಟು ವೈಫೈ ಕಾಣುತ್ತದೆ ನೋಡು ಎಂದು ಮಿಲ್ಲಿನ ಗೇಟಿನಲ್ಲಿ ನಿಲ್ಲಿಸಿದಳು. ಬಕ್ಕೇಶ ಮಾತು ಕಡಿಮೆಯ, ಹೇಳಿದ್ದನ್ನು ಮಾಡುವ ಗಂಡ. ಬಿಸಿಲಲ್ಲಿ ನಿಂತು ಬಸ್ಸು ಬಸ್ಸಿಗೂ ಮೊಬೈಲು ಚಾಚುತ್ತಿದ್ದವನನ್ನು ನೋಡಿ ಒಬ್ಬ ಕಂಡಕ್ಟರು ಚೆಕಿಂಗ್ ಆಫೀಸರೆಂದು ಹೆದರಿ ಬಸ್ಸಿನಿಂದ ಇಳಿದೇ ಬಂದನಂತೆ. ಪಾಪ, ಇಷ್ಟೆಲ್ಲ ಮಾಡಿ ಅವನು ತಂದದ್ದು ತಲೆನೋವು ಮಾತ್ರ. ಬಸ್ಸು ಇದ್ದಾಗಲೂ ಸಿಗ್ನಲ್ಲು ಅಷ್ಟೇ, ಇಲ್ಲದಾಗಲೂ ಅಷ್ಟೇ.

ಹಾಗೇ ಅತ್ತೆ ಹೇಳಿದ ಅಮಾವಾಸ್ಯೆ ಬಂದೇಬಿಟ್ಟಿತು.

ಐಶ್ವರ್ಯ ಬೆಳಿಗ್ಗೆಯೇ ಹರಿಹರಕ್ಕೆ ಬಂದಳು. ಮೊಬೈಲು ನೋಡಿದಳು: ಹಸಿರು. ಉಸಿರು ಬಿಟ್ಟಳು. ಮಿಲ್ಲಿನಲ್ಲಿ ಹಬ್ಬದ ಕಳೆ. ವಾಮದೇವಪ್ಪ ಬೀಗಿತ್ತಿ ಬರುತ್ತಾರೆಂದು ಅಂಗಳ ಗುಡಿಸಿ ನೀರು ಹಾಕಿಸಿದ್ದರು. ಕುಕ್ಕುವಾಡದಿಂದ ಯಾರ ಕೈಲೋ ಏನೋ ತರಿಸಿ, ರೇವಣ್ಣನನ್ನು ಕರೆದುಕೊಂಡು ಬಾಯ್ಲರ್ ಮನೆಯ ಕಡೆ ಗುಟ್ಟಾಗಿ ಹೋಗಿ ಬಂದರು. ಮಗಳು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು, ಗಮನ ಕೊಡಲಿಲ್ಲ.

ಮಧ್ಯಾಹ್ನ ದ್ರಾಕ್ಷಾಯಣಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಮಗನ ಕಾರಿನಿಂದ ಇಳಿದರು. "ಬರ್ರಿ ಬೀಗಿತ್ತಿಯವ್ರೇ, ಬರ್ರಿ, ಕೂಡ್ರಿ" ಎಂದು ವಾಮದೇವಪ್ಪ ಎರಡೆರಡು ಕುರ್ಚಿ ಎಳೆದರು. ಚಹಾ ಬಂತು. ಮಂಡಕ್ಕಿ ಮಿರ್ಚಿ ಬಂತು. ಆ ಮಂಡಕ್ಕಿಯಲ್ಲಿ ಒಂದು ಕಾಳು ತೆಗೆದು ಹಲ್ಲಿನಲ್ಲಿ ಪರೀಕ್ಷೆ ಮಾಡಿ, "ಹೂಂ, ತೋರ್ಸು ನೋಡಾನ" ಎಂದರು ಅತ್ತೆ.

ಐಶ್ವರ್ಯ ಕಂಪ್ಯೂಟರಿನ ಕಡೆ ತಿರುಗಿದಳು. ಕೆಂಪು.

ಬಟನ್ ಒತ್ತಿದಳು. ಕೆಂಪು. ಬಂದ್ ಮಾಡಿ ಚಾಲೂ ಮಾಡಿದಳು. ಇನ್ನೂ ಕೆಂಪು. ದ್ರಾಕ್ಷಾಯಣಮ್ಮ ಇನ್ನೊಂದು ಕಾಳು ಬಾಯಿಗೆ ಹಾಕಿಕೊಂಡರು. ಆ ಕಟುಂ ಎನ್ನುವ ಸದ್ದಿನಲ್ಲಿ ಐಶ್ವರ್ಯಳಿಗೆ ಕಾಲೇಜಿನ ಗಂಟೆಯೇ ಕೇಳಿಸಿತು. ಅಳು ಬರುವ ಹಾಗಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸ್ಕ್ರೂಡ್ರೈವರ್ ಎತ್ತಿಕೊಂಡು ಅಂಗಳ ದಾಟಿ ಓಡಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಏಣಿ ಇಟ್ಟು, ದಡದಡ ಹತ್ತಿದಳು.

ಹತ್ತಿದವಳ ಹಣೆಗೆ ಧಡ್ ಎಂದು ಏನೋ ಬಡಿಯಿತು.

"ಅಯ್ಯಪ್ಪಾ!" ಎಂದು ಅದನ್ನು ಕೈಯಲ್ಲಿ ಪಕ್ಕಕ್ಕೆ ತಳ್ಳಿ ಹಿಡಿದಳು.

ಆಫೀಸಿನಿಂದ ಅಪ್ಪನ ಕೂಗು: "ಬಂತು! ಬಂತು ಐಶು, ಹಸ್ರು ಬಂತು!"

ಹಣೆ ಉಜ್ಜಿಕೊಳ್ಳಲು ಕೈಬಿಟ್ಟಳು. ಅದು ಮತ್ತೆ ತನ್ನ ಜಾಗಕ್ಕೆ ತೂಗಿತು.

"ಹೋತು! ಥತ್, ಹೋತು!"

ತಳ್ಳಿದಳು. "ಬಂತು!" ಬಿಟ್ಟಳು. "ಹೋತು!" ಅದು ತೂಗಾಡತೊಡಗಿದ ಹಾಗೆ ಅಪ್ಪನ ಗಂಟಲೂ ತೂಗಾಡಿತು: "ಬಂತು... ಹೋತು... ಬಂತು... ಹೋತು... ಏನವ್ವ ಇದು, ಮೈಮೇಲೆ ಬಂದಂಗೆ ಆಡ್ತೈತಲ್ಲ!" ಬಕ್ಕೇಶ ಬಾಯಿ ತೆರೆದುಕೊಂಡು ಅಂಗಳದ ನಡುವೆ ನಿಂತಿದ್ದ. ರೇವಣ್ಣ ಕೈಮುಗಿದುಬಿಟ್ಟಿದ್ದ.

ಐಶ್ವರ್ಯ ಈಗ ಕಣ್ಣುಬಿಟ್ಟು ನೋಡಿದಳು. ಅವಳ ಮೂಗಿನ ಮುಂದೆ, ಬಿಳಿ ಡಬ್ಬಿಯ ಮುಖಕ್ಕೆ ಸರಿಯಾಗಿ ಅಡ್ಡ, ಕೂಸಿನ ಗಾತ್ರದ ಒಂದು ಬೂದುಗುಂಬಳಕಾಯಿ. ಅದಕ್ಕೆ ಕುಂಕುಮ, ಕಣ್ಣು, ಮೀಸೆ ಬೇರೆ. ಇಷ್ಟು ದಿನ ಎಷ್ಟು ಸಲ ಈ ಏಣಿ ಹತ್ತಿಲ್ಲ ಅವಳು! ಪ್ರತಿ ಸಲವೂ ಇಲ್ಲೊಂದು ಕಾಯಿ ಇದ್ದೇ ಇತ್ತು. ಆದರೆ ದೃಷ್ಟಿಕಾಯಿ ಎಂದರೆ ಬಾಗಿಲಿಗೆ ಚಿಲಕ ಇದ್ದ ಹಾಗೆ. ಅದನ್ನು ಯಾರು ಕಣ್ಣಿಟ್ಟು ನೋಡುತ್ತಾರೆ? ಪಕ್ಕಕ್ಕೆ ಸರಿಸಿ ಕೆಲಸ ಮಾಡಿದ್ದಳು, ಇಳಿಯುವಾಗ ಬಿಟ್ಟಿದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ್ದಳು.

"ಈ ಕುಂಬಳಕಾಯಿ ಇಲ್ಲಿ ಕಟ್ಟಿದ್ದು ಯಾರು?" ಎಂದು ಮೇಲಿನಿಂದಲೇ ಗುಡುಗಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂಗಳಕ್ಕೆ ಬಂದಿದ್ದ ವಾಮದೇವಪ್ಪ ಟವೆಲ್ಲಿನಿಂದ ಹೆಗಲು ಒರೆಸಿಕೊಳ್ಳಲು ಶುರುಮಾಡಿದರು.

"ನಾನೇ ಕಣವ್ವ. ಅಮಾಸೆ ಅಮಾಸೆಗೆ ಹೊಸಾದು ಕಟ್ಟಸ್ತೀನಿ. ಮೊದ್ಲು ಬಾಗ್ಲಿಗೆ ಅಂತ ಕಟ್ಟಸ್ತಿದ್ದೆ. ನಿನ್ನ ಡಬ್ಬಿ ಕೆಡಾಕೆ ಹತ್ತಿದ ಮ್ಯಾಲೆ, ದಿಷ್ಟಿ ಡಬ್ಬಿಗೇ ಬೀಳ್ತೈತೆ ಅಂತ ಅದರ ಮುಖಕ್ಕೆ ಸರಿಯಾಗಿ ಇಳಿಸಿ ಕಟ್ಟಿಸಿದೆ. ಕಾಯಿ ಸಣ್ಣದಾತೇನೋ ಅಂತ ಪ್ರತಿ ಸಲ ದೊಡ್ಡದು ತರಿಸಿದೆ. ಇವತ್ತಿಂದು ಕುಕ್ಕುವಾಡದ್ದು, ಸ್ಪೆಷಲ್ಲು."

ಐಶ್ವರ್ಯ ಏಣಿಯ ಮೇಲೆಯೇ ಕೂತುಬಿಟ್ಟಳು. ಅಮಾವಾಸ್ಯೆಗೆ ಗೆರೆ ಯಾಕೆ ಬೀಳುತ್ತದೆ, ಆಮೇಲೆ ಕಾಯಿ ಒಣಗಿದಂತೆ ಯಾಕೆ ಏರುತ್ತದೆ, ಎಲ್ಲ ಒಂದೇ ಏಟಿಗೆ ಹೊಳೆದುಹೋಯಿತು. ಹಣೆಯ ಮೇಲಿನ ಏಟಿಗೇ ಅನ್ನಿ.

ಕೆಳಗಿನಿಂದ ದ್ರಾಕ್ಷಾಯಣಮ್ಮನವರ ದನಿ ಬಂತು. "ಏನಾಗೈತೆ ಅಂತ ನಂಗೂ ತಿಳಿಯಂಗೆ ಹೇಳವ್ವ."

ಐಶ್ವರ್ಯಳಿಗೆ ಒಂದು ಕ್ಷಣ ಸುಳ್ಳು ಹೇಳುವ ಮನಸ್ಸಾಯಿತು. ದೃಷ್ಟಿ ಎಲ್ಲ ಕಾಯಿಗೆ ಇಳಿದಿದೆ, ನಿವಾಳಿಸಿ ಒಡೆದುಬಿಡೋಣ ಎಂದರೆ ಸಾಕು. ಅತ್ತೆ ಖುಷಿ, ಅಪ್ಪ ಖುಷಿ, ಸಿಗ್ನಲ್ಲೂ ಖುಷಿ. ಆದರೆ ಮುಂದಿನ ಅಮಾವಾಸ್ಯೆಗೆ ಮತ್ತೊಂದು ಬರುತ್ತದಲ್ಲ! ಅಲ್ಲದೆ ತಾನು ಕಂಡುಹಿಡಿದದ್ದನ್ನು ತಾನೇ ಮುಚ್ಚಿಡುವುದು ಅವಳ ಹೊಟ್ಟೆಗೆ ಒಗ್ಗಲಿಲ್ಲ. ಇಳಿದು ಬಂದು ಅತ್ತೆಯ ಮುಂದೆ ನಿಂತಳು.

"ಅತ್ತೆ, ಆ ಡಬ್ಬಿ ಕಣ್ಣಿಗೆ ಕಾಣದ ಅಲೆ ಬಿಡ್ತೈತೆ. ಗಾಳಿಯಾಗೆ ಸರಾಗ ಹೋಗ್ತೈತೆ, ನೀರು ಅಡ್ಡ ಬಂದ್ರೆ ಅಲ್ಲೇ ಇಂಗಿ ಹೋಗ್ತೈತೆ. ಬೂದುಗುಂಬಳ ಅಂದ್ರೆ ಬರೀ ನೀರು. ದೂರದಿಂದ ಬರೋ ಅಲೇನ ಈ ಕಾಯಿ ತಡೆದು ನಿಲ್ಲಿಸ್ತಿತ್ತು. ದಿಷ್ಟಿನೂ ಅಲ್ಲ, ಅಮಾಸೆನೂ ಅಲ್ಲ. ಈ ಕಾಯೇ ತಪ್ಪು."

ಅಮಾವಾಸ್ಯೆಯ ದಿನ, ಅಜ್ಜಯ್ಯನ ದರ್ಶನ ಮಾಡಿ ಬಂದ ಅತ್ತೆಯ ಮುಂದೆ ದೃಷ್ಟಿಕಾಯಿಯನ್ನೇ ಬೈದಿದ್ದಾಳೆ. ರೋಡಿನ ಕಡೆಯ ಕೋಣೆ ಕಣ್ಣೆದುರೇ ಬಾಗಿಲು ಹಾಕಿಕೊಂಡ ಹಾಗಾಯಿತು ಅವಳಿಗೆ. ದ್ರಾಕ್ಷಾಯಣಮ್ಮ ಕುಂಬಳಕಾಯಿ ನೋಡಿದರು, ಡಬ್ಬಿ ನೋಡಿದರು, ಸೊಸೆಯ ಹಣೆಯ ಮೇಲೆ ಏಳುತ್ತಿದ್ದ ಬುಗುಟು ನೋಡಿದರು.

"ಅಂದ್ರೆ," ಎಂದರು ನಿಧಾನವಾಗಿ, "ದೂರದಿಂದ ಬರ್ತೈತೆ. ಕಣ್ಣಿಗೆ ಕಾಣಲ್ಲ. ಈ ಕಾಯಿ ಅದನ್ನ ತಡೆದು ನಿಲ್ಲಿಸ್ತೈತೆ. ಹೌದಿಲ್ಲೋ?"

"ಹೌದು ಅತ್ತೆ."

"ಮತ್ತೆ ನಾವು ಅಜ್ಜಿ ಕಾಲದಿಂದ ಹೇಳ್ತಿರೋದು ಏನೇ ಹುಡುಗಿ?"

ಐಶ್ವರ್ಯ ಹಣೆಯ ಬುಗುಟು ಉಜ್ಜಿಕೊಳ್ಳುತ್ತಾ ಕಾಯಿಯ ಮೀಸೆಯನ್ನೇ ನೋಡಿದಳು.

"ಇಂಥಾ ಡಬ್ಬಿ ಅಲೇನೇ ಕಾಯಿ ತಡೀತು ಅಂದ್ಮ್ಯಾಲೆ ಜನರ ಕಣ್ಣು ಬಿಡ್ತದಾ?" ದ್ರಾಕ್ಷಾಯಣಮ್ಮ ಗೆದ್ದ ದನಿಯಲ್ಲಿ ಬೀಗರ ಕಡೆ ತಿರುಗಿದರು. "ಬೀಗ್ರೇ, ಕಾಯಿ ಅಲ್ಲೇ ಇರ್ಲಿ. ಐಶ್ವರ್ಯ, ನೀನು ನಿನ್ನ ಡಬ್ಬಿ ಒಂದು ಮೊಳ ಈಕಡೆ ಸರಿಸು. ನಮ್ಮ ಭಟ್ಟಿಗೆ ಹಾಕುವಾಗ ಮೊದ್ಲು ನನ್ನ ಕೇಳು, ಕಾಯಿ ಎಲ್ಲೆಲ್ಲಿ ಕಟ್ತೀವಿ ಅಂತ ತೋರಸ್ತೀನಿ. ಆಮೇಲೆ ಡಬ್ಬಿ."

"ನಮ್ಮ ಭಟ್ಟಿಗೆ ಹಾಕುವಾಗ" ಎಂಬ ಮಾತು ಐಶ್ವರ್ಯಳ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಕೂಡಲೇ ಅತ್ತೆಯ ಕಾಲಿಗೆ ಬಿದ್ದಳೋ, ಏಣಿ ಹತ್ತಿದಳೋ ಅವಳಿಗೇ ನೆನಪಿಲ್ಲ. ಡಬ್ಬಿ ಮೊಳದುದ್ದ ಸರಿಯಿತು. ಕಂಪ್ಯೂಟರಿನಲ್ಲಿ ಹಸಿರು ಬಂತು, ಬಂದದ್ದು ನಿಂತಿತು. ದ್ರಾಕ್ಷಾಯಣಮ್ಮ ತಾವೇ ಬಟನ್ ಒತ್ತಿ, ಬಾಯ್ಲರ್ ಮನೆಯಿಂದ ಬುಸ್ ಎಂದು ಉಗಿ ಬಂದದ್ದನ್ನು ಕೇಳಿ, ಚಿಕ್ಕ ಹುಡುಗಿಯ ಹಾಗೆ ನಕ್ಕರು. "ಇನ್ನೊಂದ್ಸಲ ಒತ್ತಲಾ?" ಎಂದು ಕೇಳಿದರು ಕೂಡ.

ಈಗ ಆವರಗೆರೆಯ ರಸ್ತೆ ಬದಿಯ ಕೋಣೆಗೆ ಐಶ್ವರ್ಯಳ ಹೆಸರಿನ ಬೋರ್ಡಿದೆ. ಬೋರ್ಡಿನ ಪಕ್ಕ ಅತ್ತೆ ಕಟ್ಟಿಸಿದ ಕುಂಬಳಕಾಯಿಯೂ ಇದೆ. ಯಾವ ಮಿಲ್ಲಿಗೆ ಹೋದರೂ ಅವಳು ಮೊದಲು ಕೇಳುವುದು ಕರೆಂಟಿನ ವಿಷಯವಲ್ಲ, "ನಿಮ್ಮಲ್ಲಿ ಅಮಾಸೆಗೆ ಕಾಯಿ ಎಲ್ಲಿ ಕಟ್ತೀರಿ?" ಎಂದು. ಕೇಳಿದ ತಕ್ಷಣ ಮಾಲೀಕರಿಗೆ ಇವಳ ಮೇಲೆ ಎಲ್ಲಿಲ್ಲದ ಭಕ್ತಿ ಬರುತ್ತದೆ.

ವಾಮದೇವಪ್ಪನವರಂತೂ ದೋಸೆ ಹೋಟೆಲಿಗೆ ಮರಳಿದ್ದಾರೆ. ಮೊಬೈಲು ಈಗಲೂ ಎದುರಿನವರ ಮೂಗಿನ ಹತ್ತಿರವೇ. ಮಾತು ಮಾತ್ರ ಹೊಸದು.

"ದಿಷ್ಟಿಕಾಯಿ ಸುಳ್ಳು ಅಂತಿದ್ರಲ್ಲ? ನಮ್ಮ ಐಶು ಕಂಪ್ಯೂಟರಿನಾಗೆ ಗೆರೆ ಎಳೆದು ತೋರ್ಸ್ಯಾಳ್ರಿ, ಖರೆ ಅಂತ!"