ಕೊನೆಯ ಪುಟದ ಎಚ್ಚರಿಕೆ

ಎಂಬತ್ನಾಲ್ಕನೇ ಇಸವಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಜಯರಾಮಯ್ಯನವರ ನಾರಿನ ಮಿಷನ್ ವರ್ಕ್‌ಶಾಪು. ಅಲ್ಲಿ ತಯಾರಾಗುವ ಮಿಷನ್ನಿನ ಬಾಯಿಗೆ ಕಾಯಿಮಟ್ಟೆ ಕೊಟ್ಟರೆ ಸಾಕು, ಒಳಗಿನ ಹಲ್ಲಿನ ಡ್ರಮ್ಮು ಬಡಿದು ಸಿಗಿದು ನಾರು ಮಾಡಿ ಉಗುಳುತ್ತಿತ್ತು. ಆ ಮಿಷನ್ನಿನ ಜೊತೆ ಕೊಡುವ ಕನ್ನಡ ಕೈಪಿಡಿಯನ್ನು ಬರೆಯುತ್ತಿದ್ದವಳು ಶಾರದ. ಸೇರಿದ್ದೇನೋ ಟೈಪಿಸ್ಟ್ ಆಗಿ. ಆದರೆ ಇಂಗ್ಲಿಷ್ ಹಾಳೆಯಲ್ಲಿದ್ದದ್ದನ್ನು ರೈತನ ತಲೆಗೆ ಹೋಗುವ ಹಾಗೆ ಬರೆಯುವುದು ಆ ಆಫೀಸಿನಲ್ಲಿ ಇನ್ಯಾರಿಗೆ ಬರಬೇಕು ಹೇಳಿ?

ಅವಳದೊಂದು ಪದ್ಧತಿಯಿತ್ತು. ಒಂದು ಸಾಲಿಗೆ ಒಂದೇ ಕೆಲಸ. ಬರೆದಾದ ಮೇಲೆ ಫಿಟ್ಟರ್ ಗುಂಡಯ್ಯನನ್ನು ಮಿಷನ್ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದುವಳು. ಅವನು ಕೇಳಿದಷ್ಟನ್ನೇ ಮಾಡಬೇಕು, ತನ್ನ ತಲೆ ಓಡಿಸಕೂಡದು. ಹಳ್ಳಿಯಲ್ಲಿ ನಡೆಯುವುದೇ ಹಾಗೆ. ಅಕ್ಷರ ಬಂದವರು ಓದುತ್ತಾರೆ, ಕೈ ಕೊಳೆಯಾದವರು ಮಾಡುತ್ತಾರೆ.

ಅದಕ್ಕೇ ಮೊದಲ ಪುಟದಲ್ಲೇ ದಪ್ಪಗೆ ಹಾಕಿದ್ದಳು: 'ಸ್ವಿಚ್ ಆರಿಸಿ. ಡ್ರಮ್ ಪೂರ್ತಿ ನಿಲ್ಲುವವರೆಗೆ ಒಳಗೆ ಕೈ ಹಾಕಬೇಡಿ. ಕೈ ಹೋಗುತ್ತದೆ.'

ಜಯರಾಮಯ್ಯ ಮುಖ ಸಿಂಡರಿಸಿದರು. "ಏನಮ್ಮಾ ಇದು, ಹೊಸಿಲಲ್ಲೇ ಅಪಶಕುನ! ಕೈ ಹೋಗತ್ತೆ ಅಂತ ಓದ್ಕೊಂಡು ಯಾವನು ಮಿಷನ್ ತಗೋತಾನೆ? ಎತ್ತಿ ಕೊನೇ ಪುಟಕ್ಕೆ ಹಾಕು."

"ಸಾರ್, ಅವರು ಓದ್ತಾ ಓದ್ತಾನೇ ಮಾಡ್ಕೊಂಡು ಹೋಗ್ತಾರೆ. ಕೊನೇ ಪುಟ ಬರೋ ಹೊತ್ತಿಗೆ..."

"ಹೇಳಿದಷ್ಟು ಮಾಡು."

ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಸ ಸ್ಟೆನ್ಸಿಲ್ ಹೊಡೆದಳು! ಸಂಬಳಕ್ಕೆ ಬಾಯಿ ಮಾರಿಕೊಂಡರೆ ಹೀಗೇ. ಮುನ್ನೂರು ಪ್ರತಿ ಸೈಕ್ಲೋಸ್ಟೈಲ್ ಆಯಿತು. ಗುಬ್ಬಿ ಕಡೆಗೆ, ಕುಣಿಗಲ್ ಕಡೆಗೆ ಹೋಗುವ ಲಾರಿಗಳಿಗೆ ಮಿಷನ್ನುಗಳು ಹತ್ತಿದವು.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಆಫೀಸಿನೊಳಗೆ ನುಗ್ಗಿದಳು. ಹಾಗಲವಾಡಿಯ ಹನುಮಂತಮ್ಮ. ಎಡಗೈಯಲ್ಲಿ ಕೈಪಿಡಿ, ಅದರ ಹಾಳೆಗಳು ಒಣಗಿದ ರಕ್ತಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಲಗೈಯಲ್ಲಿ ಕಾಯಿ ಕೆತ್ತುವ ಮಚ್ಚು.

"ಯಾರ್ಲಾ ಇದ ಬರ್ದಿದ್ದು?"

ಜಯರಾಮಯ್ಯ ಕುರ್ಚಿಯಿಂದ ಎದ್ದವರೇ ಶಾರದಳ ಕಡೆ ಬೆರಳು ಮಾಡಿಬಿಟ್ಟರು. "ಇವಳು. ಇವಳೇ ಬರೆಯೋದು. ನಂಗೇನೂ ಗೊತ್ತಿಲ್ಲಮ್ಮ."

ಥೂ, ಗಂಡಸೇ! ಶಾರದ ಅಷ್ಟು ಅಂದುಕೊಳ್ಳುವಷ್ಟರಲ್ಲಿ ಕೆನ್ನೆಗೆ ಏಟು ಬಿತ್ತು. ತುಟಿ ಒಡೆದು ಬಾಯಿ ತುಂಬ ಉಪ್ಪುಪ್ಪು. ಎರಡನೇ ಏಟಿಗೆ ಕೆಳಗೆ ಬಿದ್ದಳು. ಹನುಮಂತಮ್ಮ ಕೈಪಿಡಿಯನ್ನು ಸೊಂಟಕ್ಕೆ ಸಿಕ್ಕಿಸಿ, ಅವಳ ಜಡೆಯನ್ನು ಎಡಗೈಗೆ ಸುತ್ತಿಕೊಂಡು ಷೆಡ್ಡಿಗೆ ದರದರನೆ ಎಳೆದುಕೊಂಡು ಹೋದಳು. ಷೆಡ್ಡಿನ ಬಾಗಿಲಲ್ಲಿ ಅಡ್ಡ ಬಂದ ಗುಂಡಯ್ಯನಿಗೆ ಮಚ್ಚಿನ ಹಿಂಬದಿಯಿಂದ ಹೆಗಲಿಗೆ ಬಿತ್ತು. ಅವನು ಅಮ್ಮಾ ಎಂದು ಅಲ್ಲೇ ಕುಸಿದ.

ಷೆಡ್ಡಿನಲ್ಲಿ ಗಿರಾಕಿಗಳಿಗೆ ತೋರಿಸುವ ಮಿಷನ್ ಇತ್ತು. ಹನುಮಂತಮ್ಮ ಸ್ವಿಚ್ ಒತ್ತಿದಳು. ಡ್ರಮ್ಮು ಗುರ್ರೆಂದು ತಿರುಗತೊಡಗಿತು.

"ನಾಕ್ನೇ ಕ್ಲಾಸ್ ಓದಿವ್ನಿ ಕಣೇ ನಾನು," ಎಂದಳು, ಶಾರದಳ ಬಲಗೈಯನ್ನು ಹಿಂಡಿ ಹಿಡಿದು. "ನಾನ್ ಓದ್ದೆ, ನಮ್ಮೋರು ಮಾಡುದ್ರು. ಆರ್ನೇದು, ಸಿಕ್ಕೊಂಡಿರೋ ಮಟ್ಟೆಯ ಕೈಯಿಂದ ಎಳೀರಿ ಅಂತ ಓದ್ದೆ. ಕೈ ಹಾಕುದ್ರು. ಮೊಣಕೈಗಂಟ ಎಳ್ಕೊಂಬುಡ್ತು. ಅವ್ರು ಕೂಗ್ತಾವ್ರೆ, ಇದ್ಕೇನ್ ಮಾಡ್ಬೇಕು ಅಂತ ಮುಂದೆ ಬರ್ದವ್ರೇನೋ ಅಂದ್ಕೊಂಡು ನಾನು ಪುಟ ತಿರುವ್ತಾ ನಿಂತಿದ್ದೆ ಕಣೇ! ಕೊನೇ ಪುಟದಾಗಿತ್ತು. ಕೊನೇ ಪುಟದಾಗೆ!"

ಶಾರದಳಿಗೆ ಅಳು ಬರಲಿಲ್ಲ. ಪುಟ ತಿರುವುತ್ತ ಓದುತ್ತಿದ್ದ ಈ ಹೆಂಗಸು, ಪಕ್ಕದಲ್ಲಿ ಅರಚುತ್ತಿದ್ದ ಗಂಡ, ಇಬ್ಬರೂ ಕಣ್ಣಿಗೆ ಕಟ್ಟಿದರು. ಸಾಯುವವರೆಗೂ ಇದು ಹೋಗುವುದಿಲ್ಲ ಎನಿಸಿತು.

ಹನುಮಂತಮ್ಮ ಸೊಂಟದ ಕೈಪಿಡಿಯನ್ನು ಕಿತ್ತು, ಹಿಂದೆಯೇ ಷೆಡ್ಡಿಗೆ ಬಂದಿದ್ದ ಜಯರಾಮಯ್ಯನವರ ಎದೆಗೆ ಎಸೆದಳು. ಬಾಗಿಲಿಂದ ಜಾರಿಕೊಳ್ಳಲು ನೋಡುತ್ತಿದ್ದ ಅವರ ಕಡೆಗೆ ಮಚ್ಚು ತಿರುಗಿತು. "ಓದು ನೀನು. ನೀನ್ ಓದ್ದಂಗೆ ಇವ್ಳು ಮಾಡ್ತಾಳೆ."

ಶಾರದಳ ಬೆರಳ ತುದಿ ಮಿಷನ್ನಿನ ಬಾಯಿಗೆ ಮುಟ್ಟಿತು. ಒಳಗಿನಿಂದ ಬಿಸಿ ಗಾಳಿ, ನಾರಿನ ಧೂಳು ಮುಖಕ್ಕೆ ಹೊಡೆಯಿತು. ಟೈಪ್ ಮಾಡುವ ಕೈ, ಮನೆ ನಡೆಸುವ ಕೈ. ಅಪ್ಪಾ ಹನುಮಂತರಾಯ, ಇವರು ಸರಿಯಾಗಿ ಓದಲಿ ಎಂದು ಕಣ್ಣು ಮುಚ್ಚಿದಳು.

ಜಯರಾಮಯ್ಯ ಹಾಳೆ ಮಗುಚಿದರು. ಒಂದನೇ ಪುಟ ಬಿಟ್ಟರು. ಎರಡು, ಮೂರು ಬಿಟ್ಟರು. ಅಂಟಿದ್ದನ್ನು ಉಗುರಿನಿಂದ ಕಿತ್ತು, ಎಲ್ಲಕ್ಕಿಂತ ಕೊನೆಯದನ್ನು ತೆಗೆದು ಅರಚಿದರು: "ಸ್ವಿಚ್ ಆರಿಸಿ! ಡ್ರಮ್ ಪೂರ್ತಿ ನಿಲ್ಲುವವರೆಗೆ ಕೈ ಹಾಕಬೇಡಿ!"

ಹನುಮಂತಮ್ಮ ಅವರನ್ನೇ ನೋಡಿದಳು.

"ಮೊದ್ಲು ಯಾವ್ದು ಓದ್ಬೇಕು ಅಂತ ನಿಂಗೊತ್ತು," ಎಂದಳು. "ನಿಂಗೊತ್ತಿತ್ತು ಕಣಲೇ!"

ಶಾರದಳನ್ನು ಪಕ್ಕಕ್ಕೆ ನೂಕಿ ಒಂದೇ ಹೆಜ್ಜೆಗೆ ಅವರ ಮೇಲೆ ಹಾರಿದಳು. ಕೈಪಿಡಿ ಹಿಡಿದಿದ್ದ ಅವರ ಕೈಯನ್ನು ಗೋಡೆಗೆ ಒತ್ತಿ ಮಚ್ಚು ಬೀಸಿದಳು. ಕಾಯಿ ಕೆತ್ತಿ ಪಳಗಿದ ಕೈಯ ಏಟು, ಗುರಿ ತಪ್ಪಲಿಲ್ಲ. ಎರಡು ಬೆರಳು ನಾರಿನ ರಾಶಿಯ ಮೇಲೆ ಬಿದ್ದವು. ಗುಂಡಯ್ಯ ತೆವಳಿಕೊಂಡು ಹೋಗಿ ಸ್ವಿಚ್ ಆರಿಸಿದ. ಆದರೂ ಡ್ರಮ್ಮು ನಿಲ್ಲಲು ಒಂದು ನಿಮಿಷ ಹಿಡಿಯಿತು, ಅಷ್ಟೂ ಹೊತ್ತು ಜಯರಾಮಯ್ಯನವರ ಅರಚಾಟ ಅದರ ಸದ್ದಿನಲ್ಲಿ ಕಲೆತು ಕೇಳುತ್ತಿತ್ತು.

ಹನುಮಂತಮ್ಮ ಮಚ್ಚು ಬಿಸಾಕಿ ನೆಲಕ್ಕೆ ಕೂತಳು. "ಓದ್ದೋಳು ನಾನೇ ಅಲ್ವೇನವ್ವಾ," ಎಂದು ಶಾರದಳ ಮೊಣಕಾಲಿಗೆ ತಲೆ ಚಚ್ಚಿಕೊಂಡು ಅತ್ತಳು. ಶಾರದ ಅವಳ ತಲೆ ಹಿಡಿದುಕೊಂಡಳು.

ಪೊಲೀಸರು ಬಂದರು. ಕೈಗೆ ಪಂಚೆ ಸುತ್ತಿಕೊಂಡು ಆಸ್ಪತ್ರೆಯ ಜೀಪು ಹತ್ತುವಾಗ ಜಯರಾಮಯ್ಯ ಶಾರದಳ ಕಿವಿಯ ಹತ್ತಿರ ಬಗ್ಗಿದರು. "ಹುಚ್ಚು ಹೆಂಗಸು ನುಗ್ಗಿ ಕಡಿದಳು ಅಂತ ಬರ್ಕೊಡು. ಕೈಪಿಡಿ ವಿಷಯ ಬೇಡ. ಬೇಕೇ ಬೇಕು ಅಂದ್ರೆ ಕೊನೇಲಿ ಎಲ್ಲಾದ್ರೂ ಹಾಕು. ಕೆಲಸ ಉಳಿಸ್ಕೋ."

ಹೆಡ್ ಕಾನ್‌ಸ್ಟೇಬಲ್ ಮೂಡಲಗಿರಿಯಪ್ಪ ಒಂದು ಹಾಳೆ, ಪೆನ್ನು ಅವಳ ಮುಂದಿಟ್ಟ. "ಗಾಬ್ರಿ ಆಗ್ಬೇಡಮ್ಮ. ಮೊದ್ಲು ಆಗಿದ್ದು ಮೊದ್ಲು ಬರಿ."

ಶಾರದ ಬೆರಳುಗಳನ್ನು ಒಂದು ಸಲ ಮಡಿಸಿ ಬಿಚ್ಚಿದಳು. ಹತ್ತೂ ಇದ್ದವು. ಆಮೇಲೆ, ಒಂದು ಸಾಲಿಗೆ ಒಂದೇ ಕೆಲಸದಂತೆ ಬರೆದಳು.

'ಒಂದು. ಎಚ್ಚರಿಕೆಯನ್ನು ಕೊನೆಯ ಪುಟಕ್ಕೆ ಹಾಕಲು ಜಯರಾಮಯ್ಯನವರು ಹೇಳಿದರು.

ಎರಡು. ಹಾಕಿದವಳು ನಾನು.'