ಯಲ್ಲಕ್ಕನ ಮರೆಬಲೆ

ಮೂರನೆಯ ಕುರಿಮರಿಯೂ ಸತ್ತ ದಿನ ಜಂಪಣ್ಣ ತೀರ್ಮಾನ ಹೇಳಿಯೇಬಿಟ್ಟ.

"ಕೊರಕಲಿನ ಗವಿಯಾಗೆ ತೋಳ ಮರಿ ಹಾಕೈತೆ. ಅದರದ್ದೇ ಕೆಲಸ. ಗವಿ ಬಾಯಿಗೆ ಕಲ್ಲು ತುಂಬಿ ಹೊಗೆ ಹಾಕಾಣ."

ಧರ್ಮಪುರದ ಆಚೆ, ಶೇಂಗಾ ಕಿತ್ತ ಹೊಲದಲ್ಲಿ ಅಣ್ಣತಮ್ಮಂದಿರ ಕುರಿಮಂದೆ ಬೀಡುಬಿಟ್ಟಿತ್ತು. ಬೆಳಿಗ್ಗೆ ದೊಡ್ಡ ಕುರಿಗಳು ಮೇಯಲು ಹೋದ ಮೇಲೆ ಎಳೆಮರಿಗಳು ಮುಳ್ಳುಬೇಲಿಯ ರೊಪ್ಪದಲ್ಲೇ ಉಳಿಯುತ್ತಿದ್ದವು. ಮರಿ ಕಾಯುವವರು ನೀರಿಗೆಂದು ಹೋಗಿ ಬರುವಷ್ಟರಲ್ಲಿ ಅನಾಹುತ ಆಗಿರುತ್ತಿತ್ತು.

ಜಂಪಣ್ಣನ ತಮ್ಮ ಚಿತ್ತಪ್ಪ ಅಣ್ಣನ ಮಾತಿಗೆ ಎದುರಾಡಿದವನಲ್ಲ. ಎದುರಾಡಿದ್ದು ಅವನ ಹೆಂಡತಿ ಯಲ್ಲಕ್ಕ.

"ಭಾವ, ತೋಳ ಆಗಿದ್ರೆ ಮರಿ ಕಚ್ಕಂಡು ಹೋಗದು. ಇದು ಕಚ್ಚಿ ಇಲ್ಲೇ ಬಿಸಾಕೈತೆ. ನಾಯಿ ಕೆಲಸ ಇದು. ರೋಡ್ ಬದಿ ಕೋಳಿ ಅಂಗಡಿ ಕಸ ತಿಂದು ಕೊಬ್ಬಿದಾವಲ್ಲ, ಅವು."

"ನೀನು ನೋಡಿದ್ಯೇನಮ್ಮ?"

"ಇಲ್ಲ. ನೀವು ತೋಳ ನೋಡಿದ್ರಾ?"

ಜಂಪಣ್ಣ ಮೀಸೆ ತಿರುವಿದ. "ಆಯ್ತು, ನನ್ನ ಕಣ್ಣಿಗೆ ನಾಯಿ ತೋರ್ಸು. ಭಾನುವಾರದ ತನಕ ಸುಮ್ಕಿರ್ತೀನಿ. ಆಮೇಲೆ ಗವಿ ಮುಚ್ಚದೇಯ."

ತೋರಿಸುವುದು ಹೇಗೆ? ಆ ಬಯಲಲ್ಲಿ ಮನುಷ್ಯ ನಿಂತರೆ ಹರದಾರಿ ದೂರಕ್ಕೂ ಕಾಣುತ್ತಾನೆ. ಆಳು ಕಂಡ ಕಡೆಗೆ ಯಾವ ಪ್ರಾಣಿ ಬರುತ್ತದೆ? ಅವಿತು ಕೂರಲು ಒಂದು ಮರವಿಲ್ಲ, ಪೊದೆಯಿಲ್ಲ.

ಯಲ್ಲಕ್ಕ ಹೆಚ್ಚು ಯೋಚಿಸಲಿಲ್ಲ, ನೆಲದಂತೆಯೇ ಕಾಣುವ ಮರೆಯೊಂದನ್ನು ಹೆಣೆಯಲು ಕೂತಳು. ರೊಪ್ಪಕ್ಕೆ ಸುತ್ತುತ್ತಿದ್ದ ಹಳೆಯ ಬಲೆಯನ್ನು ಬಿಡಿಸಿ ಹರವಿದಳು. ಗೋಣಿಚೀಲ, ಹರಿದ ಕಂಬಳಿ, ಗಂಡನ ಸವೆದ ಲುಂಗಿ, ಎಲ್ಲವನ್ನೂ ಪಟ್ಟಿಪಟ್ಟಿಯಾಗಿ ಸೀಳಿದಳು. ಜಾಲಿ ಚಕ್ಕೆ ಕುದಿಸಿದ ನೀರಲ್ಲಿ ಕೆಲವನ್ನು ಅದ್ದಿದಳು, ಕೆಂಪುಮಣ್ಣಿನ ರಾಡಿಯಲ್ಲಿ ಕೆಲವನ್ನು ಹೊರಳಿಸಿದಳು. ಒಣಗಿದ ಮೇಲೆ ಒಂದನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನೋಡುವಳು. ಕಣ್ಣಿಗೆ ಬಿದ್ದರೆ ಮತ್ತೆ ರಾಡಿಗೆ.

"ಲುಂಗಿ ನಂದು," ಎಂದ ಚಿತ್ತಪ್ಪ.

"ನಿನ್ನ ಮಾನ ಮುಚ್ಚಿದ್ದು ಸಾಕು, ಇನ್ನು ತೋಳದ ಜೀವ ಕಾಯ್ಲಿ."

ಬಲೆಯ ಒಂದೊಂದು ಕಣ್ಣಿಗೂ ಪಟ್ಟಿ ಪೋಣಿಸಿ ಗಂಟು ಹಾಕುತ್ತ ಕೂತ ಅವಳ ಬೆರಳುಗಳನ್ನು ಚಿತ್ತಪ್ಪ ಮೇವು ಹಾಕುವುದನ್ನೂ ಮರೆತು ನೋಡಿದ. ಕೌದಿ ಹೊಲಿದು ಪಳಗಿದ ಕೈ ಅದು. ಹೆಂಗಸರು ಮದುವೆ ಕೌದಿಗೆ ಇವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ರೊಪ್ಪದ ಪಕ್ಕ ಬಿದಿರ ದಬ್ಬೆ ಬಗ್ಗಿಸಿ ನೆಟ್ಟ ಕುಳ್ಳನೆಯ ಗೂಡಿನ ಮೇಲೆ ಶುಕ್ರವಾರ ಬೆಳಗಾಗುವ ಮೊದಲೇ ಬಲೆ ಹೊದಿಸಿ ಇಬ್ಬರೂ ಒಳಗೆ ಕೂತರು.

ನಾಯಿ ಹಾಗಿರಲಿ, ಒಂದು ಕಾಗೆಯೂ ಹತ್ತಿರ ಇಳಿಯಲಿಲ್ಲ. ಹಾರಿ ಬಂದ ಗೊರವಂಕಗಳು ಗೂಡಿನ ಮೇಲೆ ಕಿರುಚಿ ದಿಕ್ಕು ಬದಲಿಸಿದವು.

ಬಿಸಿಲೇರಿದಾಗ ಚಿತ್ತಪ್ಪ ದೂರದ ಬದುವಿಗೆ ಹೋದ. ಅಲ್ಲಿ ಅಂಗೈ ಮೊಣಕಾಲು ಊರಿ, ನಾಯಿಯ ಎತ್ತರಕ್ಕೆ ತಲೆ ತಗ್ಗಿಸಿ ಗೂಡಿನ ಕಡೆ ನೋಡಿದ. ನೋಡಿದವನೇ ನಕ್ಕುಬಿಟ್ಟ.

"ಏನ್ ನಗ್ತೀಯ?" ಗೂಡಿನಿಂದ ಯಲ್ಲಕ್ಕ ಕೂಗಿದಳು.

"ಬೀಗರು ಬರ್ತಾರೆ ಅಂತ ಕೌದಿ ಹಾಸಿದಂಗೈತೆ ಕಣೇ! ಸಾಲು ಸಾಲು, ಹಗ್ಗ ಹಿಡಿದು ಕಟ್ಟಿದಂಗೆ. ನಾಕು ಮೂಲೆಗೂ ಕುಚ್ಚು ಬೇರೆ."

ಯಲ್ಲಕ್ಕನ ಮುಖ ಕೆಂಪಾಯಿತು. ಅವಳ ತವರಲ್ಲಿ ಕೌದಿಯ ಮೂಲೆ ಬರಿದಾಗಿ ಬಿಡುವುದಿಲ್ಲ, ಕೈ ತಾನಾಗಿಯೇ ಕುಚ್ಚು ಕಟ್ಟಿತ್ತು. ಬದುವಿಗೆ ಹೋಗಿ ತಾನೂ ಬಗ್ಗಿ ನೋಡಿದಳು. ನೆಲದಲ್ಲಿ ಕಲ್ಲು ಒಂದು ಕಡೆ ಗುಂಪು, ಹುಲ್ಲು ಒಂದು ಕಡೆ ತೇಪೆ, ಮಧ್ಯೆ ಬರಿ ಮಣ್ಣು. ತನ್ನ ಬಲೆ ಮಾತ್ರ ಬಾಚಿದ ತಲೆಯಂತಿತ್ತು. ಗೂಡಿಗೆ ಬಂದು ಕುಚ್ಚು ಕಿತ್ತಳು, ಗಂಟು ಬಿಚ್ಚಿದಳು, ಮತ್ತೆ ಕಟ್ಟತೊಡಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಸಾಲು ನೆಟ್ಟಗಾಯಿತು. ಕಣ್ಣು ಮುಚ್ಚಿ ಕಟ್ಟಿದಳು. ಆಗಲೂ ನೆಟ್ಟಗೇ!

"ನನ್ನ ಕೈಗೆ ಸೊಟ್ಟ ಬರಾದಿಲ್ಲ," ಎಂದು ಬಲೆಯ ತುದಿಯನ್ನು ಗಂಡನ ಮಡಿಲಿಗೆ ಎಸೆದಳು. "ನೀನು ಕಟ್ಟು. ನಿನ್ನ ಬೇಲಿ ನೋಡಿಲ್ವೇನು ನಾನು, ಒಂದು ಗೂಟ ನೆಟ್ಟಗಿಲ್ಲ."

ಚಿತ್ತಪ್ಪ ಕಟ್ಟಿದ್ದು ಒಂದು ಉದ್ದ, ಒಂದು ಗಿಡ್ಡ. ಒಂದು ಕಡೆ ಕಂತೆ, ಇನ್ನೊಂದು ಕಡೆ ಖಾಲಿ. ಅವನು ಕಟ್ಟಿದ ಗಂಟು ಬಿಚ್ಚಿಕೊಳ್ಳದಂತೆ ಹಿಂದಿನಿಂದ ಬಿಗಿದು ಬಂದವಳು ಅವಳು. ಬಲೆಯ ಕಣ್ಣಿಗೆ ಅಲ್ಲಲ್ಲಿ ಒಣಹುಲ್ಲು ಸಿಕ್ಕಿಸಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ತನ್ನ ಸೊಟ್ಟ ಕೈಗೆ ಮೊದಲ ಸಲ ಬೆಲೆ ಬಂತೆಂದು ಚಿತ್ತಪ್ಪ ಹಿಗ್ಗಿದ. ಅದಕ್ಕಿಂತ ಹೆಚ್ಚಾಗಿ, ತನ್ನ ಕೆಲಸ ತಪ್ಪೆಂದು ಕಂಡ ಕೂಡಲೇ ಕಿತ್ತು ಹಾಕುವ ಎದೆ ಎಷ್ಟು ಜನಕ್ಕಿದೆ ಎಂದುಕೊಂಡ. ತನಗಂತೂ ಇರಲಿಲ್ಲ.

ಭಾನುವಾರ ನಸುಕಿಗೆ ಜಂಪಣ್ಣ ಬಂದ. ರೊಪ್ಪದ ಮುಂದೆ ನಿಂತು ಸುತ್ತ ನೋಡಿದ.

"ಲೇ ಚಿತ್ತ, ಎಲ್ಲಿದೀರಲೇ?"

"ಇಲ್ಲೇ, ನಿಮ್ಮ ಕಾಲ ತಾವ. ಬೇಗ ಬರ್ರಿ ಭಾವ, ತುಳಿದುಬಿಟ್ಟೀರ!"

ಜಂಪಣ್ಣ ಬೆಚ್ಚಿ ಹಿಂದೆ ಹಾರಿದ. ನೆಲ ಮಾತಾಡಿದಂತಾಗಿತ್ತು. ಒಳಗೆ ನುಸುಳಿದವನು ಬಲೆಯನ್ನು ಮುಟ್ಟಿ ಮುಟ್ಟಿ ನೋಡಿದ.

ಜಂಪಣ್ಣನ ಹೆಂಡತಿ ಮಂದೆ ಹೊಡೆದುಕೊಂಡು ಹೋದಳು. ಬಯಲು ಸದ್ದಡಗಿತು. ಬದುವಿನ ಪಕ್ಕ ಬೂದುಬಣ್ಣದ್ದೊಂದು ಸರಿದು ಬಂತು. ತೋಳ. ಬಾಯಲ್ಲಿ ಮೊಲ, ಹೊಟ್ಟೆಯಡಿ ಜೋತ ಮೊಲೆಗಳು. ಜಂಪಣ್ಣನ ಕೈ ದೊಣ್ಣೆಯ ಮೇಲೆ ಬಿಗಿಯಿತು. ಯಲ್ಲಕ್ಕ ಉಸಿರು ಹಿಡಿದಳು. ತೋಳ ರೊಪ್ಪದ ಕಡೆ ಒಮ್ಮೆ ನೋಡಿ, ನಿಲ್ಲದೆ ಕೊರಕಲಿಗೆ ಇಳಿದು ಹೋಯಿತು.

ಆಮೇಲೆ ರಸ್ತೆಯ ಕಡೆಯಿಂದ ನಾಯಿಗಳು ಬಂದವು. ಕೊಬ್ಬಿದ, ಹೆದರಿಕೆಯಿಲ್ಲದ ಹಿಂಡು. ಮುಂದಿನದು ಗೊತ್ತಿರುವ ದಾರಿಯಂತೆ ನೇರ ಬೇಲಿಯ ಸಂದಿಗೆ ಮೂತಿ ಹಾಕಿತು. ಮರಿಗಳು ಅರಚಿದವು.

"ನಿಮ್ಮ ವಂಶ ಹಾಳಾಗ!" ಎನ್ನುತ್ತ ಜಂಪಣ್ಣ ಬಾಗಿಲು ಹುಡುಕದೆ ನೆಟ್ಟಗೆ ಎದ್ದ. ಗೂಡು ಕಿತ್ತು ಬಂತು. ತಲೆಯ ಮೇಲೆ ಬಲೆ, ಕೈಯಲ್ಲಿ ದೊಣ್ಣೆ, ಹಾಗೆಯೇ ಓಡಿದ. ಹೊಲದ ಒಂದು ತುಂಡೇ ಎದ್ದು ಅಟ್ಟಿಸಿಕೊಂಡು ಬಂದಂತೆ ಕಂಡಿರಬೇಕು. ನಾಯಿಗಳು ಬಾಲ ಮುದುರಿ ಹಿಂತಿರುಗಿ ನೋಡದೆ ಓಡಿದವು. ಯಲ್ಲಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರಿಗಳೆಲ್ಲ ನೆಟ್ಟಗಿದ್ದವು. ಏದುಸಿರು ಬಿಡುತ್ತ ಮರಳಿದ ಜಂಪಣ್ಣನ ಕಿವಿಯ ಮೇಲೆ ತಮ್ಮನ ಲುಂಗಿಯ ಪಟ್ಟಿ ನೇತಾಡುತ್ತಿತ್ತು.

"ಭಾವ, ಗವಿ?" ಎಂದಳು ಯಲ್ಲಕ್ಕ.

"ಯಾವ ಗವಿ? ಬಾಣಂತಿ ಇರೋ ಮನೆ ಬಾಗಿಲು ಮುಚ್ತಾರೇನಮ್ಮ?" ಎಂದ ಜಂಪಣ್ಣ ಗದರುವ ದನಿಯಲ್ಲೇ. ತಮ್ಮನ ಕಡೆ ತಿರುಗಿದ. "ಲೇ, ನಡಿ. ಆ ಕೋಳಿ ಅಂಗಡಿಯವನ್ನ ಮಾತಾಡ್ಸಿ ಬರಾಣ."