ಬೆಸೆದ ಬಾಗಿಲು

ಬೆಸುಗೆಯಕ್ಕ ಏದುಸಿರು ಬಿಡುತ್ತ ಕಾಲುವೆಯ ದಂಡೆ ಹತ್ತುವಷ್ಟರಲ್ಲಿ ತಮ್ಮ ಮೊಂಡನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮೇಸ್ತ್ರಿ ಅವನ ಎದೆಯ ಮೇಲೆ ಮಂಡಿಯೂರಿ ಕೂತಿದ್ದ. ಇಬ್ಬರು ಕಾಲು ಅದುಮಿ ಹಿಡಿದಿದ್ದರು. ಇನ್ನೊಬ್ಬನ ಕೈಯಲ್ಲಿ ಸಲಾಕೆ.

"ಬೀಗದ ಕೈ ಕೊಡೋ ಮೊಂಡ."

"ಕೊಡಲ್ಲ. ಊರೋರು ನನ್ನ ಕೈಗೆ ಕೊಟ್ಟಿದ್ದು."

ಕಾರ್ಖಾನೆಯ ಕೆಂಪು ನೀರು ಕಾಲುವೆಯಲ್ಲಿ ಹರಿದು ಕೆರೆಗೆ ಇಳಿದು ಮೀನು ಸತ್ತು, ಮಕ್ಕಳ ಮೈಯೆಲ್ಲ ಹುಣ್ಣಾದಾಗ ಎರಡೂ ಪಕ್ಷದವರು ಬಂದಿದ್ದರು. ಸತ್ತ ಮೀನಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಕೆರೆ ನಂಬಿದವರೆಲ್ಲ ತಾವೇ ಕೂತು ಮಾತಾಡಿ, ಕಾಲುವೆಯ ಕಬ್ಬಿಣದ ಬಾಗಿಲು ಇಳಿಸಿ ಬೀಗ ಹಾಕಿದರು. ಅವರ ಕೂಟದಲ್ಲಿ ಒಂದು ಕಟ್ಟಳೆಯಿತ್ತು: ಯಾವ ತೀರ್ಮಾನವೇ ಆಗಲಿ, ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವನೇ ಅದನ್ನು ಕಾಯಬೇಕು. ಒಪ್ಪಿದವರು ಮನೆಗೆ ಹೋಗಿ ಮೈಮರೆಯುತ್ತಾರೆ, ಒಪ್ಪದವನನ್ನು ಹೊರಗಿಟ್ಟರೆ ಹಗೆಯಾಗುತ್ತಾನೆ ಎಂಬುದು ಹಿರಿಯರ ಲೆಕ್ಕಾಚಾರ. ಈ ಸಲ ಗಂಟಲು ಹರಿಯುವಂತೆ ಕೂಗಾಡಿದವನು ಮೊಂಡನೇ. ಅವನ ಹೆಂಡತಿ ಆ ಕಾರ್ಖಾನೆಯಲ್ಲೇ ಬಟ್ಟೆ ಒಣಹಾಕುವವಳು. "ನಿಮ್ಮ ಮೀನು ಬದುಕಲಿ ಅಂತ ನನ್ನ ಒಲೆ ಆರಿಸ್ತೀರಾ?" ಎಂದು ಕೇಳಿದ್ದ.

ಅಕ್ಕನಿಗೆ ನಂಬಿಕೆ ಬರಲಿಲ್ಲ. ಇವನು ನಾಲ್ಕು ಏಟಿಗೆ, ಇಲ್ಲವೇ ಹೆಂಡತಿಯ ಒಂದು ಕಣ್ಣೀರಿಗೆ ಕರಗಿಬಿಡುತ್ತಾನೆ ಅಂದುಕೊಂಡಳು. ಅಂದು ಬೆಳಗಿನ ಮಬ್ಬಿನಲ್ಲಿ ತನ್ನ ಕಸುಬಿನ ಬೆಸುಗೆ ಸಾಮಾನು ಹೊತ್ತು ಬಂದು ಬಾಗಿಲಿನ ತಲೆಯನ್ನು ಚೌಕಟ್ಟಿಗೆ ಸೇರಿಸಿ ಬೆಸೆದಳು. ಕಾಣದಿರಲೆಂದು ಮೇಲೆ ಕೆಸರು ಮೆತ್ತಿದಳು. ಯಾರಿಗೂ ಬಾಯಿ ಬಿಡಲಿಲ್ಲ.

ಈಗ ಮೇಸ್ತ್ರಿ ಅವಳನ್ನು ನೋಡಿದ. "ಅಕ್ಕನೇ ಬಂದ್ಲಲ್ಲ, ಒಳ್ಳೇದಾಯ್ತು" ಎಂದು ಎದ್ದುಬಂದು ಅವಳ ಜಡೆಗೆ ಕೈಹಾಕಿ ನೆಲಕ್ಕೆ ಕೆಡವಿದ. ಕತ್ತಿನ ಮೇಲೆ ಬೂಟುಗಾಲು ಇಟ್ಟ.

"ಅವಳನ್ನ ಬಿಡ್ರೋ!" ಏಟಿಗೆಲ್ಲ ಜಗ್ಗದ ಮೊಂಡ ಆಗ ಸೋತ. ಸೊಂಟದಿಂದ ಬೀಗದ ಕೈ ಕಿತ್ತು ಎಸೆದ.

ಬೀಗ ಬಿಚ್ಚಿತು. ಇಬ್ಬರು ಬಾಗಿಲೆತ್ತುವ ಚಕ್ರಕ್ಕೆ ಜೋತುಬಿದ್ದು ತಿರುಗಿಸಿದರು. ಸರಪಳಿ ಕಿರುಗುಟ್ಟಿತೇ ಹೊರತು ಬಾಗಿಲು ಕೂದಲೆಳೆಯಷ್ಟೂ ಮೇಲೇಳಲಿಲ್ಲ.

"ಏನೋ ಮಾಡಿಟ್ಟಿದ್ದೀಯ? ನಮ್ಮನ್ನೇ ಆಟ ಆಡಿಸ್ತೀಯಾ?"

"ನನಗೇನು ಗೊತ್ತು? ದೇವರಾಣೆ ಗೊತ್ತಿಲ್ಲ!"

ಸಲಾಕೆಯವನು ಮೊಂಡನ ಬಲಗೈಯನ್ನು ಕಲ್ಲಿನ ಮೇಲೆ ಚಾಚಿ ಹಿಡಿದ. ಬೆಸುಗೆಯಕ್ಕನ ನಾಲಿಗೆಯ ತುದಿಯಲ್ಲಿ ಮಾತಿತ್ತು. ಹೇಳಿದರೆ ಕಬ್ಬಿಣ ಕತ್ತರಿಸುವ ಯಂತ್ರ ತರುತ್ತಾರೆ, ಕೆರೆ ಕೈಬಿಟ್ಟ ಹಾಗೆ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳು. ಸಲಾಕೆ ಬಿತ್ತು. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು.

"ಬೆಸೆದಿದ್ದು ನಾನು! ಅವನಿಗೆ ಗೊತ್ತಿಲ್ಲ, ನಾನು!"

ಅವಳು ಕೂಗುವ ಹೊತ್ತಿಗೆ ಸಲಾಕೆ ಎರಡನೇ ಸಲ ಬಿದ್ದಿತ್ತು.

ಮೇಸ್ತ್ರಿ ಕಾಲು ತೆಗೆದು ಬಾಗಿಲಿನತ್ತ ತಿರುಗಿದ್ದೇ ತಡ, ಅವಳು ಕೈಗೆ ಸಿಕ್ಕ ಕಲ್ಲನ್ನೆತ್ತಿ ಅವನ ಮಂಡಿಗೆ ಅಪ್ಪಳಿಸಿದಳು. ಕೂಗು ಕೇಳಿ ಗದ್ದೆಯಿಂದ ಗುದ್ದಲಿ ಹಿಡಿದೇ ಜನ ಓಡಿಬಂದರು. ಕೂಟದಲ್ಲಿ ದನಿ ಏರಿಸಿದರೂ ತಪ್ಪೆನ್ನುತ್ತಿದ್ದ ಮೀನುಗಾರ ಮುದುಕನೇ ಸಲಾಕೆಯವನ ಹಲ್ಲು ಉದುರಿಸಿದ. ಉಳಿದಿಬ್ಬರು ಅವನನ್ನೂ ಮೇಸ್ತ್ರಿಯನ್ನೂ ಎಳೆದುಕೊಂಡು ಲಾರಿ ಹತ್ತಿದರು. ಬಾಗಿಲ ಹಿಂದೆ ಕೆಂಪು ನೀರು ಹಾಗೇ ನಿಂತಿತ್ತು.

ಮೊಂಡನನ್ನು ಗಾಡಿಯಲ್ಲಿ ಮಲಗಿಸಿದರು. ಬೆರಳುಗಳು ದಿಕ್ಕಿಗೊಂದಾಗಿ ತಿರುಚಿಕೊಂಡಿದ್ದವು. ಸುದ್ದಿ ತಿಳಿದು ಓಡಿಬಂದ ಹೆಂಡತಿ ಗಾಡಿಯ ಅಂಚು ಹಿಡಿದು ನಿಂತಳು. ಗಾಡಿ ಕುಲುಕಿದರೆ ನೋವಾದೀತೆಂದು ಅಕ್ಕ ಗಾಡಿ ಹತ್ತಿ ಮುರಿದ ಕೈಯನ್ನು ತನ್ನ ಮಡಿಲಿಗೆ ಎತ್ತಿಕೊಳ್ಳಹೋದಳು.

"ನೀನು ಬಿಡು" ಎಂದ ಮೊಂಡ, ಅಕ್ಕನ ಮುಖ ನೋಡದೆ. "ಅವಳು ಹಿಡ್ಕೊಳ್ಳಲಿ."

ಬೆಸುಗೆಯಕ್ಕ ಇಳಿದು ಜಾಗ ಬಿಟ್ಟಳು. ಗಾಡಿಯ ಹಿಂದೆ ನಡೆದುಕೊಂಡೇ ಹೋದಳು.